ಪ್ಲಾಸ್ಟಿಕ್ಕಿನ ಹಗೇವು

ಕಳೆದ ಮಳೆಗಾಲದಲ್ಲಿ ಹೈದರಾಬಾದಿನ ಹೊರವಲಯದ ಪಟಾನ್‌ಚೆರು ಆಚೆಗಿನ ಗೆಳೆಯರೊಬ್ಬರ ಕೊಟ್ಟಿಗೆಯಲ್ಲಿ ಗೋವಿನಜೋಳದ ರಸಮೇವಿನ ಬೇಲ್ ಒಂದನ್ನು ಬಿಚ್ಚಿದೆವು. ಹೊರಗಿನಿಂದ ಯಾವ ಕೊರತೆಯೂ ಕಾಣಲಿಲ್ಲ. ಪ್ಲಾಸ್ಟಿಕ್ ಬಿಗಿಯಾಗಿತ್ತು, ಮಳೆಹನಿ ಮೇಲೆ ಮಣಿಮಣಿಯಾಗಿ ನಿಂತಿತ್ತು. ಕುಡುಗೋಲಿನಿಂದ ಸೀಳಿದಾಗ ಒಂದು ಮಗ್ಗುಲಲ್ಲಿ ಅಂಗೈಯಗಲದ ನೀಲಿಹಸಿರು ಕಲೆ. ಎಮ್ಮೆ ನೋಡಿಕೊಳ್ಳುವ ಹಿರಿಯರು ಬೀದರ್ ಕಡೆಯವರು. ಕಲೆಯ ಹಿಂದಕ್ಕೆ ಮಣಿಕಟ್ಟಿನವರೆಗೆ ಕೈ ತೂರಿಸಿ, "ಮುಟ್ಟಿ ನೋಡ್ರಿ ಸರ, ಒಳಗ ಬೆಚ್ಚಗದ" ಅಂದರು. ಮುಟ್ಟಿದೆ. ಜ್ವರ ಬಂದ ಮಗುವಿನ ಹಣೆಯಂತಿತ್ತು. ಸುಲಿದ ಪ್ಲಾಸ್ಟಿಕ್ಕನ್ನು ಬೆಳಕಿಗೆ ಹಿಡಿದಾಗ ಕಾರಣ ಸಿಕ್ಕಿತು: ಕಾಗೆ ಕುಕ್ಕಿದ ಒಂದು ತೂತು, ಕಡಲೆಕಾಳಿಗಿಂತ ಸಣ್ಣದು.

ತೆಲುಗಿನಲ್ಲಿ ರಸಮೇವಿಗೆ, ಅಂದರೆ ಸೈಲೇಜ್‌ಗೆ, 'ಪಾತರ ಗಡ್ಡಿ' ಎನ್ನುತ್ತಾರೆ. ಪಾತರ ಎಂದರೆ ಧಾನ್ಯ ಹೂಳಿಡುವ ನೆಲಗುಂಡಿ, ನಮ್ಮ ಕಡೆಯ ಹಗೇವು. ಸೈಲೇಜ್ ಎಂಬ ಮಾತಿನ ಮೂಲವಾದ 'ಸಿಲೊ' ಕೂಡ ಸ್ಪ್ಯಾನಿಷ್‌ನಲ್ಲಿ ಧಾನ್ಯದ ಗುಂಡಿಯೇ. ಬೀದರ್, ಕಲಬುರಗಿ, ವಿಜಯಪುರದ ಹಳೆಯ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಂಡಿಯ ಸುತ್ತ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಬಾಯಿ ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಅವಸರ ಮಾಡಿ ಉಸಿರುಕಟ್ಟಿ ಸತ್ತವರ ಕತೆ ಎಲ್ಲರಿಗೂ ಗೊತ್ತಿತ್ತು. ಮನುಷ್ಯನಿಗೆ ಉಸಿರು ಸಿಗದ ಆ ಕತ್ತಲಲ್ಲಿ ಹುಳಕ್ಕೂ ಬೂಷ್ಟಿಗೂ ಉಸಿರು ಸಿಗುತ್ತಿರಲಿಲ್ಲ.

ಹಗೇವಿಗೆ ಹೋಗುವುದು ಒಣಗಿದ ಜೋಳ, ಬೇಲ್‌ಗೆ ಹೋಗುವುದು ಹಸಿ ಮೇವು. ಕಷ್ಟವೆಲ್ಲ ಇರುವುದು ಇಲ್ಲೇ. ಕತ್ತರಿಸಿ ಅದುಮಿದ ಮೇವಿನಲ್ಲಿ ಉಳಿದ ಗಾಳಿ ಮೊದಲು ತೀರಬೇಕು. ಆಮೇಲೆ ಮೊಸರು ಹುಳಿಯಾಗಿಸುವ ಜಾತಿಯ ಬ್ಯಾಕ್ಟೀರಿಯಾಗಳು ಮೇವಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಪಿಎಚ್ 4ರ ಹತ್ತಿರಕ್ಕೆ ಇಳಿದರೆ ಮೇವು ತಿಂಗಳುಗಟ್ಟಲೆ ಕೆಡದು. ಮೇವಿಗೆ ಆಮ್ಲ ಬೆರೆಸಿ ಬೇಗ ಹುಳಿಗೆ ತರುವ ದಾರಿ ಕಂಡುಕೊಂಡದ್ದು ಫಿನ್ಲೆಂಡಿನ ಆರ್ಟುರಿ ವಿರ್ಟಾನೆನ್. 1945ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಸಿಕ್ಕಿತು, ಪ್ರಶಸ್ತಿಯ ಒಕ್ಕಣೆಯಲ್ಲೇ ಮೇವು ಕಾಪಾಡುವ ವಿಧಾನದ ಹೆಸರಿದೆ. ದನದ ಮೇವಿನ ಕೆಲಸಕ್ಕೆ ನೊಬೆಲ್ ಬಂದದ್ದನ್ನು ನಮ್ಮ ಶಾಲೆಗಳಲ್ಲಿ ಯಾಕೆ ಹೇಳುವುದಿಲ್ಲವೋ!

ಆದರೆ ಹುಳಿಯೊಂದೇ ಸಾಲದು. ಬೇಲ್‌ಗಳಲ್ಲಿ ಹೆಚ್ಚಾಗಿ ಕಾಣುವ ನೀಲಿಹಸಿರು ಬೂಷ್ಟು ಪೆನಿಸಿಲಿಯಂ ರೋಕ್‌ಫೋರ್ಟಿ, ಫ್ರಾನ್ಸಿನ ರೋಕ್‌ಫೋರ್ ಚೀಸ್‌ಗೆ ನೀಲಿ ಗೆರೆ ಕೊಡುವುದೂ ಅದೇ. ಹುಳಿಗೆ ಅದು ಹೆದರುವುದಿಲ್ಲ, ಚೂರೇ ಚೂರು ಗಾಳಿ ಸಿಕ್ಕರೂ ಬದುಕುತ್ತದೆ. ತೂತು ಬಿದ್ದಲ್ಲಿ ಮೊದಲು ಯೀಸ್ಟ್ ಏಳುತ್ತದೆ, ಲ್ಯಾಕ್ಟಿಕ್ ಆಮ್ಲವನ್ನೇ ತಿನ್ನುತ್ತದೆ, ಮೇವು ಬಿಸಿಯಾಗುತ್ತದೆ, ಹುಳಿ ಇಳಿಯುತ್ತದೆ. ಉಳಿದ ಬೂಷ್ಟುಗಳ ಸರದಿ ಆಮೇಲಿನದು. ಹಿರಿಯರ ಕೈಗೆ ತಾಗಿದ ಬಿಸಿ ಕಣ್ಣಿಗೆ ಕಾಣುವ ಬೂಷ್ಟಿಗಿಂತ ಮುಂಚೆಯೇ ಬರುವ ಸುದ್ದಿ.

ಹಾಗಾಗಿ ಬೂಷ್ಟಿನ ವಿಚಾರ ಹೊಲದಲ್ಲೇ ಶುರುವಾಗುತ್ತದೆ. ಗೋವಿನಜೋಳದ ಒಣಾಂಶ ನೂರಕ್ಕೆ 30ರಿಂದ 35 ಇದ್ದಾಗ ಕಟಾವು ಮಾಡಬೇಕು. ಗೊತ್ತಾಗುವುದು ಹೇಗೆ? ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿ. ಬೆರಳ ಸಂದಿಯಲ್ಲಿ ರಸ ಸುರಿದರೆ ಇನ್ನೂ ಹಸಿ. ಉಂಡೆ ತಟ್ಟನೆ ಉದುರಿದರೆ ಒಣಗಿ ಹೋಗಿದೆ. ಉಂಡೆ ಮೆಲ್ಲಗೆ ಬಿಚ್ಚಿಕೊಂಡು ಅಂಗೈ ಬರೀ ತೇವವಾದರೆ ಅದೇ ಹದ. ಒಣ ಮೇವು ಅದುಮಿದರೂ ಅಡಕವಾಗುವುದಿಲ್ಲ, ಸಂದಿಸಂದಿಯಲ್ಲಿ ಗಾಳಿ ಉಳಿಯುತ್ತದೆ. ಅರ್ಧ ಒಣಗಿಸಿ ಸುತ್ತುವ ಹುಲ್ಲಿನ ಬೇಲ್‌ಗಳಲ್ಲಿ, ಅಂದರೆ ಹೇಲೇಜ್‌ನಲ್ಲಿ, ಬೂಷ್ಟಿನ ಕಾಟ ಹೆಚ್ಚಿರುವುದು ಇದಕ್ಕೇ. ಅಲ್ಲಿ ಹುಳಿ ಕಡಿಮೆ, ಕಾಯುವುದು ಪ್ಲಾಸ್ಟಿಕ್ ಒಂದೇ.

ಆ ಪ್ಲಾಸ್ಟಿಕ್ಕಿನ ಒಂದು ಪದರ ಸುಮಾರು 25 ಮೈಕ್ರಾನ್ ದಪ್ಪ. ಒಂದೊಂದು ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ ಸುತ್ತಿ, ಎಲ್ಲ ಕಡೆ ಆರು ಪದರ ಬರಬೇಕು. ನಾಲ್ಕಕ್ಕೆ ನಿಲ್ಲಿಸಿ ಉಳಿಸಿದ ಹಣ ಬೂಷ್ಟಿನ ಪಾಲು. ಬೇಲ್ ಕಟ್ಟಿದ ದಿನವೇ ಸುತ್ತಬೇಕು, ರಾತ್ರಿ ಕಳೆಯುವ ಹೊತ್ತಿಗೆ ಅದು ಒಳಗೊಳಗೇ ಕುದಿಯತೊಡಗಿರುತ್ತದೆ.

ಹೈದರಾಬಾದಿನ ಮಟ್ಟಿಗೆ ಇನ್ನೊಂದು ತೊಡಕಿದೆ. ದೀಪಾವಳಿ ಮುಗಿದೊಡನೆ ನಾರಾಯಣಗುಡದ ಸದರ್ ಉತ್ಸವದಲ್ಲಿ ಯಾದವರು ಎಣ್ಣೆ ಹಚ್ಚಿ, ಹೂಮಾಲೆ ಹಾಕಿ ಕೋಣಗಳನ್ನು ಮೆರೆಸುವುದನ್ನು ನೋಡಿದರೆ ಈ ನಗರಕ್ಕೆ ಎಮ್ಮೆಯ ಮೇಲೆಷ್ಟು ಅಭಿಮಾನ ಎಂದು ತಿಳಿಯುತ್ತದೆ. ಮೇವು ಬೆಳೆಯುವ ನೆಲ ಮಾತ್ರ ಬಡಾವಣೆಗಳ ಕೆಳಗೆ ಹೋಗಿದೆ. ಬೇಲ್‌ಗಳು ದೂರದಿಂದ ಲಾರಿಯಲ್ಲಿ ಬರುತ್ತವೆ. ಏರಿಸುವಾಗ, ಇಳಿಸುವಾಗ, ಕೊಕ್ಕೆ ಹಾಕಿ ಎಳೆಯುವಾಗ ಒಂದೊಂದು ಗೀರು. ಇಳಿಸಿದ ದಿನ ಪ್ರತಿ ಬೇಲ್‌ನ ಸುತ್ತ ಕೈಯಾಡಿಸಿ, ತೂತಿದ್ದಲ್ಲಿ ಪ್ಲಾಸ್ಟಿಕ್ ಒರೆಸಿ ಒಣಗಿಸಿ, ಬಿಸಿಲು ತಡೆಯುವ ಸೈಲೇಜ್ ಟೇಪ್ ಹಚ್ಚಬೇಕು. ಸಾದಾ ಪ್ಯಾಕಿಂಗ್ ಟೇಪ್ ಬಿಸಿಲಿಗೆ ಎದ್ದು ಬರುತ್ತದೆ. ಕೆಳಗೆ ಕೂಳೆ, ಕಲ್ಲು ಇರಬಾರದು. ಇಲಿ ಅಡಗುವಂತೆ ಸುತ್ತ ಕಸ ಬೆಳೆಯಬಾರದು.

ನಾನು ಇಷ್ಟು ಒತ್ತಿ ಹೇಳುವುದು ಹಾಲಿಗಾಗಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಪತ್ತೆಯಾದದ್ದು ಆಗ. ಈ ಕೊಟ್ಟಿಗೆಗೆ ಹತ್ತಿರದಲ್ಲೇ, ಪಟಾನ್‌ಚೆರುವಿನಲ್ಲಿ 1972ರಲ್ಲಿ ಶುರುವಾದ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್, ಶೇಂಗಾದಲ್ಲಿರುವ ಅದೇ ವಿಷವನ್ನು ಕಡಿಮೆ ಖರ್ಚಿನಲ್ಲಿ ಪತ್ತೆಹಚ್ಚುವ ಪರೀಕ್ಷೆ ರೂಪಿಸಿದೆ. ಹಿಂಡಿಯಿಂದ, ಕಾಳಿನಿಂದ, ಗಾಳಿಯಾಡಿ ಕೆಟ್ಟ ರಸಮೇವಿನಿಂದ ಈ ವಿಷ ಎಮ್ಮೆಯ ಹೊಟ್ಟೆ ಸೇರಿದರೆ ಒಂದೆರಡು ದಿನದಲ್ಲೇ ಹಾಲಿನಲ್ಲಿ ಅಫ್ಲಾಟಾಕ್ಸಿನ್ ಎಂ1 ಆಗಿ ಬರುತ್ತದೆ. ಕಾಯಿಸಿದರೂ ಹೋಗದು. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿ ಪರೀಕ್ಷಿಸಿದಾಗ 368ರಲ್ಲಿ ಅದು ಮಿತಿ ಮೀರಿತ್ತು.

ಇನ್ನು ಬಿಚ್ಚುವ ಮಾತು. ಗೆಳೆಯರದು ಐದು ಎಮ್ಮೆ. ಕಿಲೋ ಲೆಕ್ಕದಲ್ಲಿ ಅಗ್ಗವೆಂದು ನಾವೇ ಕೂಡಿ ಆರಿಸಿದ್ದು 400 ಕಿಲೋದ ಬೇಲ್. ಎಮ್ಮೆಗೆ ದಿನಕ್ಕೆ 15 ಕಿಲೋ ಎಂದರೂ ಐದು ದಿನಕ್ಕೂ ಮಿಕ್ಕಿ ಬರುತ್ತದೆ. ಈ ಊರಿನ ಸೆಕೆಯಲ್ಲಿ ಬಿಚ್ಚಿದ ಬೇಲ್ ಮೂರನೆಯ ದಿನಕ್ಕೇ ಕೆಡಲು ಶುರು. ಹಗೇವು ತೆಗೆದ ಮನೆಯವರು ಅರ್ಧ ಜೋಳ ಒಳಗೇ ಬಿಟ್ಟು ಮತ್ತೆ ಮುಚ್ಚುತ್ತಿರಲಿಲ್ಲ, ಪೂರ್ತಿ ಮೇಲೆ ತರುತ್ತಿದ್ದರು. ಇಷ್ಟು ಗೊತ್ತಿದ್ದೂ ನಮಗೆ ಹೊಳೆದಿರಲಿಲ್ಲ. ಐದು ಎಮ್ಮೆಗೆ ತಕ್ಕದ್ದು 60 ಕಿಲೋದ ಸಣ್ಣ ಬೇಲ್, ಬೆಳಗ್ಗೆ ಬಿಚ್ಚಿದರೆ ಮರುದಿನದೊಳಗೆ ಖಾಲಿ.

ಅವತ್ತು ಕಲೆಯಷ್ಟನ್ನೇ ಕೆತ್ತಿ ಉಳಿದದ್ದನ್ನು ಹಾಕೋಣವೇ ಎಂದು ಗೆಳೆಯರು ಕೇಳಿದರು. ಬೂಷ್ಟು ಕಂಡಲ್ಲಿಗೇ ವಿಷ ನಿಲ್ಲುವುದಿಲ್ಲ ಎಂದೆ. ಹಿರಿಯರು ಆಗಲೇ ಬುಟ್ಟಿ ತಂದಿದ್ದರು. ಬೆಚ್ಚಗಿದ್ದ ಮಗ್ಗುಲನ್ನು ಪೂರ್ತಿ ತೋಡಿ ತಿಪ್ಪೆಗೆ ಒಯ್ದರು, ದನ ಬಾಯಿ ಹಾಕದಂತೆ ಮೇಲೆ ಸಗಣಿ ಎಳೆದರು. ಆಮೇಲೆ ಕೈ ತೊಳೆದು ಬಂದು, ಉಳಿದ ಬೇಲ್‌ಗಳ ಮೈಮೇಲೆ ಒಂದೊಂದಾಗಿ ಅಂಗೈ ಆಡಿಸುತ್ತ ಹೋದರು.