ನಡಿಗೆಯೂ ನಿತ್ಯನೇಮವಾಗಲಿ

ಸೊಂಟದ ಬೊಜ್ಜು, ರಕ್ತದೊತ್ತಡ, ಸಕ್ಕರೆ, ರಕ್ತದ ಕೊಬ್ಬುಗಳ ಏರಿಕೆ, ಒಳ್ಳೆಯ ಕೊಲೆಸ್ಟರಾಲಿನ ಇಳಿಕೆ: ಈ ಐದರಲ್ಲಿ ಮೂರು ಕೂಡಿದರೆ ವೈದ್ಯರು ಮೆಟಬಾಲಿಕ್ ಸಿಂಡ್ರೋಮ್ ಎನ್ನುವರು. ಹೃದ್ರೋಗ, ಮಧುಮೇಹಗಳಿಗೆ ಅದು ಹೆಬ್ಬಾಗಿಲು. ವಾರಕ್ಕೆ 150 ನಿಮಿಷಗಳ ಬಿರುಸು ನಡಿಗೆ ಹಿತವೆಂದು ಬಲ್ಲವರು ಬಹಳ; ಬಿಡದೆ ನಡೆಯುವವರು ವಿರಳ.

ಶರಣರು ಕಾಯಕವನ್ನು ನಿತ್ಯನೇಮವಾಗಿಸಿದರು. ನಡಿಗೆಯನ್ನೂ ನಾವು ಪ್ರಾತಃಕಾಲದ ಲಿಂಗಪೂಜೆಯ ನೇಮಕ್ಕೆ ಜೋಡಿಸಿದರೆ ಮರೆವಿಗೆ ಎಡೆಯಿರದು. ಬೇಸಿಗೆಯಲ್ಲಿ 40 ಡಿಗ್ರಿ ಮೀರುವ ಕಡಗಂಚಿಯ ಬಿಸಿಲಿಗೂ ಮುಂಜಾವವೇ ಪರಿಹಾರ. ಮಳೆಗೆ ಎರೆಮಣ್ಣು ಕೆಸರಾದಾಗ ಪಡಸಾಲೆಯೇ ಸಾಕು. ಮೊದಲು 10 ನಿಮಿಷ, ವಾರ ಕಳೆದಂತೆ ಹೆಚ್ಚು. ಸಕ್ಕರೆಗೆ ಔಷಧ ಸೇವಿಸುವವರು ವೈದ್ಯರನ್ನು ಕೇಳಿ ತೊಡಗಲಿ.

ಒಂದು ದಿನ ತಪ್ಪಿದರೆ ಹಂಗಿಸದೆ ಮರುದಿನ ಎಬ್ಬಿಸಬೇಕು. ಮನೆಯವರು "ನಡೀರಿ" ಎನ್ನುವುದಕ್ಕಿಂತ "ಬರ್ರಿ, ಕೂಡಿ ಹೋಗೋಣ" ಎಂದು ಜೊತೆಗೂಡುವುದೇ ಮೇಲು.