ಮಾನವೆಂಬ ಒಂದು ಮಾತು

ಕನ್ನಡದಲ್ಲಿ ‘ಮಾನ’ ಎಂಬ ಮಾತಿಗಿರುವಷ್ಟು ಭಾರ ಬೇರೆ ಕೆಲವೇ ಮಾತುಗಳಿಗೆ ಇದ್ದೀತು. ಮಾನವಂತ, ಮಾನಗೇಡಿ, ಸನ್ಮಾನ, ಅವಮಾನ, ಅಭಿಮಾನ—ನಮ್ಮ ಸಮಾಜಜೀವನದ ಅರ್ಧಪಾಲು ವ್ಯವಹಾರವು ಈ ಎರಡಕ್ಷರದ ಸುತ್ತಲೇ ನಡೆಯುವುದೆಂದರೆ ಅತಿಶಯೋಕ್ತಿಯಾಗಲಾರದು. ಆದರೆ ನ್ಯಾಯಾಲಯದ ಹೊಸ್ತಿಲನ್ನು ದಾಟಿದೊಡನೆ ಈ ಮಾತು ಒಡೆದು ಎರಡಾಗುವುದನ್ನು ವಾಚಕರು ಗಮನಿಸಿರಬಹುದು. ಗಣ್ಯನೊಬ್ಬನ ಹೆಸರಿಗೆ ಕಳಂಕ ತಗುಲಿದರೆ ಅದು ‘ಮಾನನಷ್ಟ’. ಹೆಣ್ಣೊಬ್ಬಳ ಮೈಮೇಲೆ ಬಲಾತ್ಕಾರದ ಕೈ ಬಿದ್ದರೆ ಅದು ‘ಮಾನಭಂಗ’. ನಷ್ಟವಾದದ್ದನ್ನು ಮೊಕದ್ದಮೆ ಹೂಡಿ ತುಂಬಿಕೊಳ್ಳಬಹುದು. ಭಂಗವಾದದ್ದೋ ಒಡೆದ ಮಡಕೆಯಂತೆ, ಮತ್ತೆ ಕೂಡಲಾರದು ಎಂಬ ಧ್ವನಿ ಆ ಮಾತಿನಲ್ಲೇ ಅಡಗಿದೆ. ತಪ್ಪು ಮಾಡಿದವನು ಒಬ್ಬ, ಮಾನ ಹೋದದ್ದು ಇನ್ನೊಬ್ಬಳದು! ಭಾಷೆಯನ್ನು ಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಈ ವಿಚಿತ್ರವು ಬಹುಕಾಲ ಹೊಳೆಯಲಿಲ್ಲವೆಂದು ಮೊದಲಲ್ಲೇ ಒಪ್ಪಿಕೊಳ್ಳುತ್ತೇನೆ. ಅದು ಹೊಳೆದದ್ದು, ಈ ಎರಡು ಬಗೆಯ ಮಾನಗಳೂ ಒಂದೇ ಕಟ್ಟೆಯಲ್ಲಿ ಎದುರುಬದುರಾಗಿ ನಿಂತ ಒಂದು ಮೊಕದ್ದಮೆಯ ತೀರ್ಪನ್ನು ಓದಿದಾಗ.

ಆ ಮೊಕದ್ದಮೆ ದೆಹಲಿಯದು. ಫಿರ್ಯಾದಿ ಎಂ. ಜೆ. ಅಕ್ಬರ್ ಅವರು, ಸಂಡೇ, ಟೆಲಿಗ್ರಾಫ್, ಏಷ್ಯನ್ ಏಜ್ ಪತ್ರಿಕೆಗಳ ಸಂಪಾದಕರಾಗಿ, ಗ್ರಂಥಕರ್ತರಾಗಿ ಹೆಸರು ಗಳಿಸಿದವರು, 2016ರಿಂದ ಕೇಂದ್ರದಲ್ಲಿ ವಿದೇಶಾಂಗ ಖಾತೆಯ ರಾಜ್ಯಮಂತ್ರಿಗಳು. ಪ್ರತಿವಾದಿ ಪ್ರಿಯಾ ರಮಣಿ ಎಂಬ ಪತ್ರಕರ್ತೆ. 1993ರ ಡಿಸೆಂಬರಿನಲ್ಲಿ, ತಾವಿನ್ನೂ ಇಪ್ಪತ್ತಮೂರರ ತರುಣಿಯಾಗಿದ್ದಾಗ, ಸಂಪಾದಕರು ತಮ್ಮನ್ನು ಉದ್ಯೋಗದ ಸಂದರ್ಶನಕ್ಕೆಂದು ಮುಂಬಯಿಯ ಹೋಟೆಲೊಂದರ ಶಯನಕೊಠಡಿಗೆ ಕರೆಸಿ ಅನುಚಿತವಾಗಿ ವರ್ತಿಸಿದರೆಂಬುದು ಆಕೆಯ ಹೇಳಿಕೆ. 2017ರ ಅಕ್ಟೋಬರಿನಲ್ಲಿ ಆಕೆ ಒಂದು ಪತ್ರಿಕೆಯಲ್ಲಿ ಈ ಪ್ರಸಂಗವನ್ನು ಹೆಸರು ಹೇಳದೆ ಬರೆದರು. ಒಂದು ವರ್ಷದ ಬಳಿಕ, 2018ರ ಅಕ್ಟೋಬರ್ 8ರಂದು, ಹೆಸರು ಹಿಡಿದು ಹೇಳಿದರು. ಹಿಂದೆಯೇ ಹಲವು ಮಂದಿ ಪತ್ರಕರ್ತೆಯರು ತಮ್ಮ ತಮ್ಮ ಅನುಭವಗಳನ್ನು ಮುಂದಿಟ್ಟರು. ಅಕ್ಬರರು ಎಲ್ಲವನ್ನೂ ನಿರಾಕರಿಸಿದರು. ಅಕ್ಟೋಬರ್ 15ರಂದು ರಮಣಿಯವರೊಬ್ಬರ ಮೇಲೆ ಕ್ರಿಮಿನಲ್ ಮಾನನಷ್ಟದ ದಾವೆ ಹೂಡಿ, 17ರಂದು ಮಂತ್ರಿಪದವಿಗೆ ರಾಜೀನಾಮೆಯಿತ್ತರು. ಆ ಹೋಟೆಲಿನ ಭೇಟಿಯೇ ನಡೆಯಲಿಲ್ಲವೆಂಬುದು ಅವರ ವಾದ.

ಹೀಗೆ ಆರೋಪ ಮಾಡಿದವಳೇ ‘ಆರೋಪಿ’ಯಾಗಿ ಕಟಕಟೆಯಲ್ಲಿ ನಿಂತಳು. ಆಗ ಜಾರಿಯಲ್ಲಿದ್ದ 1860ರ ದಂಡಸಂಹಿತೆಯ ಪ್ರಕಾರ ಮಾನನಷ್ಟಕ್ಕೆ ಎರಡು ವರ್ಷಗಳವರೆಗೆ ಸೆರೆವಾಸವಿತ್ತು. ನಾನು ಆಡಿದ್ದು ಸತ್ಯ, ಸಾರ್ವಜನಿಕ ಹಿತಕ್ಕಾಗಿ ಆಡಿದ್ದೇನೆ, ಎಂದು ತೋರಿಸಿಕೊಡುವ ಹೊಣೆ ಆಡಿದವಳದೇ. ಇಪ್ಪತ್ತೈದು ವರ್ಷಗಳ ಹಿಂದೆ, ಮುಚ್ಚಿದ ಬಾಗಿಲ ಹಿಂದೆ, ಇಬ್ಬರ ನಡುವೆ ನಡೆಯಿತೆಂದು ಹೇಳುವ ಸಂಗತಿಗೆ ಸಾಕ್ಷಿಯನ್ನು ಎಲ್ಲಿಂದ ತರಬೇಕು? ಆ ರಾತ್ರಿಯೇ ತನಗೆ ವಿಷಯ ತಿಳಿದಿತ್ತೆಂದು ಹಳೆಯ ಗೆಳತಿಯೊಬ್ಬರು ಸಾಕ್ಷ್ಯ ನುಡಿದರು. ಅದೇ ಸಂಪಾದಕರ ಕೈಕೆಳಗೆ ದುಡಿದಿದ್ದ ಇನ್ನೊಬ್ಬ ಪತ್ರಕರ್ತೆ ತಮ್ಮ ಅನುಭವವನ್ನು ಹೇಳಿದರು. ವಿಚಾರಣೆ ಎರಡು ವರ್ಷಗಳಿಗೂ ಮೀರಿ ನಡೆಯಿತು.

ಆ ಕಾಲದಲ್ಲಿ ಊರೂರಿನ ಹರಟೆಕಟ್ಟೆಗಳಲ್ಲಿಯೂ ಪತ್ರಿಕೆಗಳ ಅಂಕಣಗಳಲ್ಲಿಯೂ ಕೇಳಿಬಂದ ಪ್ರಶ್ನೆ ಒಂದೇ: “ಇಷ್ಟು ವರ್ಷ ಈಕೆ ಏಕೆ ಬಾಯಿ ಮುಚ್ಚಿಕೊಂಡಿದ್ದಳು?” ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿಯೂ ಚಹದ ಬಟ್ಟಲಿನೊಡನೆ ಈ ಪ್ರಶ್ನೆ ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ಅದು ಬಂದಾಗಲೆಲ್ಲ ನಾನು ಪುಸ್ತಕದಲ್ಲಿ ಮುಖ ಹುದುಗಿಸುತ್ತಿದ್ದೆ. ಅದಕ್ಕೆ ಕಾರಣವಿತ್ತು.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಆಗ ನಾನು ಕೆಲಸ ಮಾಡುತ್ತಿದ್ದ ಊರಿಗೆ ವಿದ್ವಾಂಸರೊಬ್ಬರು ಉಪನ್ಯಾಸಕ್ಕೆ ಬಂದಿದ್ದರು. ಅವರ ಪುಸ್ತಕಗಳನ್ನು ಓದಿ ಬೆಳೆದವರು ನಾವು. ಅವರ ಕಾಲಿಗೆರಗಿ ಧನ್ಯರಾದೆವೆಂದುಕೊಂಡವರು. ಅವರ ಉಪಚಾರಕ್ಕೆ ನೇಮಿಸಿದ್ದ ವಿದ್ಯಾರ್ಥಿನಿಯೊಬ್ಬಳು, ಓದಿನಲ್ಲಿ ಚುರುಕಾದವಳು, ಮೂರು ತಿಂಗಳು ಕಳೆದಮೇಲೆ ನನ್ನ ಬಳಿಗೆ ಬಂದು ತಲೆ ತಗ್ಗಿಸಿ, ಆ ದಿನ ತನಗೊದಗಿದ ಅವಮಾನವನ್ನು ನಾಲ್ಕೇ ಮಾತಿನಲ್ಲಿ ಹೇಳಿದಳು. ನಾನು ಕೇಳಿದ್ದು ಒಂದೇ ಪ್ರಶ್ನೆ: “ಆವೊತ್ತೇ ಏಕಮ್ಮ ಹೇಳಲಿಲ್ಲ?” ಗದರಿಸಿ ಕೇಳಲಿಲ್ಲ, ಮರುಕದಿಂದಲೇ ಕೇಳಿದೆನೆಂದು ನನ್ನ ಭಾವನೆಯಾಗಿತ್ತು. ಅವಳು ಸ್ವಲ್ಪಹೊತ್ತು ಸುಮ್ಮನಿದ್ದು, “ಹೋಗಲಿ ಬಿಡಿ, ಸರ್” ಎಂದು ಹೊರಟುಹೋದಳು. ಮತ್ತೆ ಆ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂದೆ ಎಂ.ಎ. ಓದಬೇಕೆಂದಿದ್ದವಳು ಓದಲಿಲ್ಲವೆಂದು ಆಮೇಲೆ ತಿಳಿಯಿತು. ಅದಕ್ಕೆ ಕಾರಣ ಇದೇ ಎಂದು ಹೇಳಲಾರೆ. ಅಲ್ಲವೆಂದು ಹೇಳಿಕೊಂಡು ಸಮಾಧಾನ ಪಡಲೂ ಆರೆ.

ಆ ವರ್ಷ ನಾನು ಪಾಠ ಹೇಳುತ್ತಿದ್ದುದು ಸಭಾಪರ್ವವನ್ನು! ದ್ರೌಪದಿ ಸಭೆಗೆ ಹಾಕಿದ ಪ್ರಶ್ನೆಯ ಸೂಕ್ಷ್ಮವನ್ನು ಎಷ್ಟು ವರ್ಷ, ಎಷ್ಟು ತರಗತಿಗಳಿಗೆ ವಿವರಿಸಿದ್ದೆನೋ! ತನ್ನನ್ನು ತಾನು ಮೊದಲೇ ಸೋತವನಿಗೆ ನನ್ನನ್ನು ಪಣವಾಗಿಡುವ ಅಧಿಕಾರವೆಲ್ಲಿಯದು ಎಂದು ಆಕೆ ಕೇಳಿದಳಷ್ಟೆ. ವರ್ಷಗಳ ಬಳಿಕ ಕೇಳಲಿಲ್ಲ. ಎಳೆದು ತಂದ ಕ್ಷಣದಲ್ಲೇ, ತುಂಬಿದ ಸಭೆಯಲ್ಲಿ, ಹಿರಿಯರ ಸಮಕ್ಷಮದಲ್ಲಿ ಕೇಳಿದಳು. ಸಾಕ್ಷಿಗಳ ಕೊರತೆ ಇರಲಿಲ್ಲ, ವಿಳಂಬದ ಆಕ್ಷೇಪಣೆಗೆ ಎಡೆಯಿರಲಿಲ್ಲ. ಆದರೂ ದೊರೆತ ಉತ್ತರವೇನು? ಧರ್ಮದ ಗತಿ ಸೂಕ್ಷ್ಮವೆಂದು ಭೀಷ್ಮರು ಕೈಚೆಲ್ಲಿದರು. ಬಾಯಿಬಿಟ್ಟ ವಿಕರ್ಣನನ್ನು ಹುಡುಗನೆಂದು ಜರೆದು ಕೂರಿಸಿದರು. ಆ ಕ್ಷಣದಲ್ಲೇ ಕೇಳಿದ ರಾಣಿಗೆ ಈ ಗತಿಯಾದರೆ, ಉದ್ಯೋಗವನ್ನರಸಿ ಬಂದ ತರುಣಿಯನ್ನು, ಅಂಕಪಟ್ಟಿಗೆ ಅಧ್ಯಾಪಕರ ಮುಖ ನೋಡಬೇಕಾದ ವಿದ್ಯಾರ್ಥಿನಿಯನ್ನು, ‘ಆವೊತ್ತೇ ಏಕೆ ಹೇಳಲಿಲ್ಲ’ ಎಂದು ಕೇಳುವುದರಲ್ಲಿ ಏನು ಅರ್ಥವಿದೆ? ಹೇಳಿದ್ದರೆ ಕೇಳುವ ಸಭೆಯೊಂದು ಸಿದ್ಧವಾಗಿತ್ತೆಂಬ ಸುಳ್ಳು ಆ ಪ್ರಶ್ನೆಯ ಹೊಟ್ಟೆಯಲ್ಲಿದೆ. ಪ್ರಶ್ನೆಯನ್ನು ಕೇಳಬೇಕಾದದ್ದು ಅವಳನ್ನಲ್ಲ, ಸಭೆಯನ್ನು.

1993ರ ಭಾರತದಲ್ಲಿ ಅಂಥ ಸಭೆ ಇತ್ತೆ? ದುಡಿಯುವ ಜಾಗದಲ್ಲಿ ಹೆಣ್ಣಿಗಾಗುವ ಇಂಥ ಕಿರುಕುಳಕ್ಕೆ ಆಗ ನಮ್ಮ ಕಾನೂನಿನಲ್ಲಿ ಒಂದು ಹೆಸರು ಕೂಡ ಇರಲಿಲ್ಲ. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ಕಾರ್ಯಕರ್ತೆಯಾಗಿ ಬಾಲ್ಯವಿವಾಹವನ್ನು ತಡೆಯಹೋದ ಭಂವರಿ ದೇವಿ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೊಳಗಾದರೆಂದು ದೂರಿತ್ತರು. 1995ರಲ್ಲಿ ಜಯಪುರದ ನ್ಯಾಯಾಲಯವು ಆ ಅತ್ಯಾಚಾರದ ಆರೋಪದಿಂದ ಆರೋಪಿಗಳನ್ನು ಬಿಡುಗಡೆ ಮಾಡಿತು. ಆದರೆ ಆಕೆಯ ಸಂಕಟವನ್ನು ಕಂಡ ಮಹಿಳಾ ಸಂಘಟನೆಗಳು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕುದರ ಫಲವಾಗಿ, 1997ರ ಆಗಸ್ಟ್ 13ರಂದು ‘ವಿಶಾಖಾ’ ಮಾರ್ಗದರ್ಶಿಗಳು ಹೊರಬಂದವು. ಅವು ಶಾಸನದ ರೂಪ ತಳೆಯಲು ಮತ್ತೆ ಹದಿನಾರು ವರ್ಷ ಬೇಕಾಯಿತು. 2013ರ ಕಾಯಿದೆಯಿಂದ, ಹತ್ತು ಮಂದಿ ದುಡಿಯುವ ಪ್ರತಿಯೊಂದು ಸಂಸ್ಥೆಯಲ್ಲಿಯೂ ದೂರು ಸಮಿತಿ ಕಡ್ಡಾಯವಾಯಿತು. ದೂರು ಕೊಡಲು ಆ ಕಾಯಿದೆ ಇಟ್ಟಿರುವ ಗಡುವು ಮೂರು ತಿಂಗಳು. ಕಾರಣವಿದ್ದರೆ ಇನ್ನೂ ಮೂರು. ನೊಂದ ಮನಸ್ಸು ಪಂಚಾಂಗ ನೋಡಿ ನಡೆಯುವುದಿಲ್ಲವೆಂಬುದನ್ನು ಶಾಸನಕರ್ತರು ಅಷ್ಟಾಗಿ ಎಣಿಸಲಿಲ್ಲವೆಂದು ತೋರುತ್ತದೆ. ನನ್ನ ವಿದ್ಯಾರ್ಥಿನಿ ಬಂದಾಗ ವಿಶಾಖಾ ಮಾರ್ಗದರ್ಶಿಗಳು ಜಾರಿಯಲ್ಲಿದ್ದುವು. ಅವುಗಳ ಹೆಸರನ್ನು ನಾನು ಕೇಳಿರಲಿಲ್ಲ. ಅಜ್ಞಾನವು ಕ್ಷಮ್ಯವಲ್ಲ.

ದೆಹಲಿಯ ಮೊಕದ್ದಮೆಗೆ ಮರಳೋಣ. 2021ರ ಫೆಬ್ರವರಿ 17ರಂದು ಮ್ಯಾಜಿಸ್ಟ್ರೇಟ್ ರವೀಂದ್ರಕುಮಾರ್ ಪಾಂಡೆಯವರು ಪ್ರಿಯಾ ರಮಣಿಯವರನ್ನು ಖುಲಾಸೆಗೊಳಿಸಿದರು. ತೀರ್ಪಿನ ಸಾರವಿಷ್ಟು: ಹೆಣ್ಣಿನ ಘನತೆಯನ್ನು ಬಲಿಗೊಟ್ಟು ಗಂಡಿನ ಕೀರ್ತಿಯನ್ನು ಕಾಪಾಡುವುದು ಸಾಧ್ಯವಿಲ್ಲ. ನೊಂದವಳು ತನ್ನ ಅಳಲನ್ನು ತನಗೊಪ್ಪಿದ ವೇದಿಕೆಯಲ್ಲಿ, ದಶಕಗಳು ಕಳೆದಮೇಲಾದರೂ ಹೇಳಿಕೊಳ್ಳಬಹುದು. ಸಮಾಜದಲ್ಲಿ ಮನ್ನಣೆ ಪಡೆದವನೂ ಕಿರುಕುಳ ಕೊಡುವವನಾಗಿರಬಹುದು. ಆ ಘಟನೆ ನಡೆಯಿತೆನ್ನಲಾದ ಕಾಲದಲ್ಲಿ ದೂರು ಕೇಳುವ ಏರ್ಪಾಡೇ ಇರಲಿಲ್ಲವೆಂಬುದನ್ನೂ ನ್ಯಾಯಾಧೀಶರು ಲಕ್ಷಿಸಿದರು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಸ್ವಾರಸ್ಯವೆನಿಸುವ ಅಂಶವೊಂದು ಆ ತೀರ್ಪಿನಲ್ಲುಂಟು: ಅದು ರಾಮಾಯಣ ಮಹಾಭಾರತಗಳೆರಡನ್ನೂ ಸ್ಮರಿಸುತ್ತದೆ. ಸೀತೆಯ ಪಾದಗಳನ್ನಲ್ಲದೆ ಬೇರೇನನ್ನೂ ಕಂಡರಿಯೆನೆಂದ ಲಕ್ಷ್ಮಣನೂ, ಸಭೆಯಲ್ಲಿ ನ್ಯಾಯ ಬೇಡಿದ ದ್ರೌಪದಿಯೂ ಅಲ್ಲಿ ಬರುತ್ತಾರೆ. ಲಕ್ಷ್ಮಣನ ದೃಷ್ಟಾಂತದ ವಿಷಯದಲ್ಲಿ ನನ್ನದೊಂದು ವಿನಯಪೂರ್ವಕವಾದ ತಕರಾರಿದೆ. ಹೆಣ್ಣಿನ ಮಾನವು ಮೈದುನನ ಕಣ್ಣಿನ ಸಂಯಮವನ್ನು ಆಶ್ರಯಿಸಿ ಬದುಕಬೇಕಾದದ್ದಲ್ಲ. ಸಂಯಮಿಗಳು ದೊರೆಯದ ಊರಿನಲ್ಲಿಯೂ ಅದು ಬದುಕಬೇಕು. ದ್ರೌಪದಿಯ ದೃಷ್ಟಾಂತ ಮಾತ್ರ ಈ ಸಂದರ್ಭಕ್ಕೆ ಹೇಳಿಮಾಡಿಸಿದಂತಿದೆ. ಆಕೆ ಕರುಣೆಯನ್ನು ಬೇಡಲಿಲ್ಲ, ಅಧಿಕಾರವನ್ನು ಪ್ರಶ್ನಿಸಿದಳು.

ಇಷ್ಟು ಹೇಳಿದಮೇಲೆ ಇನ್ನೊಂದು ಪಕ್ಷವನ್ನೂ ಹೇಳದಿದ್ದರೆ ನ್ಯಾಯವಾಗದು. ಆರೋಪವೇ ಅಪರಾಧವಲ್ಲ. ಕೇಳಿದ್ದನ್ನೆಲ್ಲ ನಂಬಿ ಮನುಷ್ಯನನ್ನು ಬೀದಿಯಲ್ಲಿ ನಿಲ್ಲಿಸಿ ಕಲ್ಲು ಹೊಡೆಯುವುದು ನ್ಯಾಯದ ದಾರಿಯಲ್ಲ. ದೀರ್ಘಕಾಲ ಕಷ್ಟಪಟ್ಟು ಗಳಿಸಿದ ಹೆಸರು ಒಂದು ದಿನದ ಸುದ್ದಿಯಲ್ಲಿ ಅಳಿಯಬಹುದೆಂಬ ಭಯ ನಿರಾಧಾರವಾದದ್ದೇನೂ ಅಲ್ಲ. ರಮಣಿಯವರ ಪ್ರಕರಣದಲ್ಲಿಯೂ ಕೊನೆಯ ಮಾತು ಆ ತೀರ್ಪಲ್ಲ. ಅಕ್ಬರರು ಮೇಲ್ಮನವಿ ಸಲ್ಲಿಸಿದರು. 2022ರ ಜನವರಿಯಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಅದನ್ನು ವಿಚಾರಣೆಗೆ ಅಂಗೀಕರಿಸಿತು. ಹಾಗೆ ಕೇಳುವ ಹಕ್ಕು ಅವರಿಗಿದೆ, ಇರಬೇಕಾದದ್ದೇ.

ಈ ಅಲೆಯನ್ನು ಲೋಕಕ್ಕೆಲ್ಲ ಹಬ್ಬಿಸಿದ ಅಮೆರಿಕದ ಪ್ರಕರಣವೂ ಇದೇ ಪಾಠವನ್ನು ಹೇಳುತ್ತದೆ. ತರಾನಾ ಬರ್ಕ್ ಎಂಬ ಸಮಾಜಸೇವಕಿ 2006ರಲ್ಲಿಯೇ ‘ಮೀ ಟೂ’, ಎಂದರೆ ‘ನನಗೂ’, ಎಂಬ ನುಡಿಯನ್ನು ನೊಂದ ಹುಡುಗಿಯರ ಸಾಂತ್ವನಕ್ಕಾಗಿ ಬಳಕೆಗೆ ತಂದಿದ್ದರು. 2017ರ ಅಕ್ಟೋಬರ್ 5ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಚಲನಚಿತ್ರ ನಿರ್ಮಾಪಕ ಹಾರ್ವಿ ವೈನ್‌ಸ್ಟೀನನ ಮೇಲಿನ ಆರೋಪಗಳನ್ನು ಪ್ರಕಟಿಸಿದಮೇಲೆ ಆ ನುಡಿ ದೇಶದೇಶಗಳಲ್ಲಿ ಪ್ರತಿಧ್ವನಿಸಿತು. 2020ರಲ್ಲಿ ನ್ಯೂಯಾರ್ಕಿನಲ್ಲಿ ಅವನಿಗೆ 23 ವರ್ಷಗಳ ಸೆರೆಯಾಯಿತು. ಆದರೆ 2024ರ ಏಪ್ರಿಲಿನಲ್ಲಿ ಅದೇ ರಾಜ್ಯದ ಮೇಲಿನ ನ್ಯಾಯಾಲಯವು, ಮೊಕದ್ದಮೆಗೆ ಸೇರದ ಆರೋಪಗಳ ಬಗೆಗೆ ಸಾಕ್ಷ್ಯ ಕೇಳಿದ್ದು ತಪ್ಪೆಂದು ಹೇಳಿ, ಆ ತೀರ್ಪನ್ನು ರದ್ದುಮಾಡಿತು. 2025ರ ಜೂನ್‌ನಲ್ಲಿ ಮರುವಿಚಾರಣೆ ನಡೆಸಿದ ಜ್ಯೂರಿಯು ಒಂದು ಆರೋಪದಲ್ಲಿ ಅವನನ್ನು ದೋಷಿಯೆಂದಿತು. ಇನ್ನೊಂದರಲ್ಲಿ ಬಿಡುಗಡೆ ಮಾಡಿತು. ಲಾಸ್ ಏಂಜಲಿಸ್ ನಗರದ ನ್ಯಾಯಾಲಯ 2023ರಲ್ಲಿ ವಿಧಿಸಿದ 16 ವರ್ಷಗಳ ಶಿಕ್ಷೆ ಬೇರೆಯೇ ಇದೆ. ಲೋಕವೆಲ್ಲ ದೋಷಿಯೆಂದವನಿಗೂ ನ್ಯಾಯಾಲಯ ಒಂದೊಂದು ಆರೋಪವನ್ನೂ ಬೇರೆಬೇರೆಯಾಗಿ ತೂಗಿತೆಂಬುದನ್ನು ಗಮನಿಸಬೇಕು. ಹೆಣ್ಣುಮಕ್ಕಳು ಬಾಯಿಬಿಟ್ಟದ್ದರಿಂದ ನ್ಯಾಯದ ತಕ್ಕಡಿ ಮುರಿದುಬೀಳಲಿಲ್ಲ. ಅದಕ್ಕೆ ತೂಗಲು ಕೆಲಸ ಸಿಕ್ಕಿತು, ಅಷ್ಟೆ.

ಆದುದರಿಂದ ‘ನಂಬಬೇಕೆ, ನಂಬಬಾರದೆ’ ಎಂಬ ಚರ್ಚೆ ನನಗೆ ಎರಡನೆಯದಾಗಿ ಕಾಣುತ್ತದೆ. ಮೊದಲನೆಯದು ‘ಕೇಳಬೇಕೆ’ ಎಂಬುದು. ಆ ವಿದ್ಯಾರ್ಥಿನಿಯ ಮಾತನ್ನು ಅವೊತ್ತು ನಾನು ನಂಬಿದೆ, ನಂಬಿಯೂ ಕೇಳಲಿಲ್ಲ. ಕೇಳಿದ್ದರೆ ಏನು ಬೇಕಮ್ಮ ಎನ್ನುತ್ತಿದ್ದೆ; ಪ್ರಾಂಶುಪಾಲರ ಬಳಿಗೆ ಜೊತೆಯಲ್ಲಿ ಹೋಗುತ್ತಿದ್ದೆ; ಆ ವಿದ್ವಾಂಸರಿಗೂ ಉತ್ತರ ಹೇಳುವ ಅವಕಾಶ ದೊರೆಯುತ್ತಿತ್ತು. ಮೌನದಿಂದ ಅವಳಿಗೆ ಅನ್ಯಾಯವಾಯಿತು. ಅವರ ಕೀರ್ತಿಗೆ ಅದರಿಂದ ಲಾಭವಾಯಿತೆಂದುಕೊಂಡರೂ, ಪರೀಕ್ಷೆಗೆ ನಿಲ್ಲದ ಕೀರ್ತಿ ಎಂಥ ಕೀರ್ತಿ?

ನಿಘಂಟನ್ನು ತೆರೆದರೆ ‘ಮಾನ’ಕ್ಕೆ ಗೌರವವೆಂಬ ಅರ್ಥದೊಡನೆ ಅಳತೆಯೆಂಬ ಅರ್ಥವೂ ಕಾಣಸಿಗುತ್ತದೆ. ಸಂಸ್ಕೃತದಲ್ಲಿ ಇವು ಬೇರೆಬೇರೆ ಧಾತುಗಳಿಂದ ಹುಟ್ಟಿದ ಎರಡು ಶಬ್ದಗಳು. ಉಚ್ಚಾರದಲ್ಲಿ ಮಾತ್ರ ಒಂದು. ವೈಯಾಕರಣರು ಇವನ್ನು ಬೆರೆಸಬೇಡಿರೆಂದು ಎಚ್ಚರಿಸುವುದು ಸರಿಯೇ. ಆದರೂ ಒಬ್ಬರ ಮಾನವನ್ನು ಒಂದು ಕೊಳಗದಿಂದ, ಇನ್ನೊಬ್ಬರ ಮಾನವನ್ನು ಇನ್ನೊಂದು ಕೊಳಗದಿಂದ ಅಳೆಯುವ ಸಮಾಜವನ್ನು ಕಂಡಾಗ, ಈ ಎರಡು ಶಬ್ದಗಳನ್ನು ಒಂದುಗೂಡಿಸಬೇಕೆಂದು ಮನಸ್ಸಾಗುತ್ತದೆ.

ಈಗ ಪ್ರತಿವರ್ಷ ಜೂನ್ ತಿಂಗಳಲ್ಲಿ ಹೊಸ ವಿದ್ಯಾರ್ಥಿಗಳು ಬಂದಾಗ, ಪಾಠ ತೊಡಗುವ ಮೊದಲು ನಾನು ಕರಿಹಲಗೆಯ ಮೇಲೆ ನಮ್ಮ ಕಾಲೇಜಿನ ದೂರು ಸಮಿತಿಯ ಸದಸ್ಯರ ಹೆಸರುಗಳನ್ನು ಬರೆಯುತ್ತೇನೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2015ರ ನಿಯಮಾವಳಿಯಂತೆ ವಿದ್ಯಾರ್ಥಿನಿಯರೂ ಆ ಸಮಿತಿಗೆ ದೂರು ಕೊಡಬಹುದೆಂದು ಹೇಳುತ್ತೇನೆ. ದೂರಿತ್ತವಳಿಗೂ ದೂರಿಗೆ ಗುರಿಯಾದವನಿಗೂ ಅಲ್ಲಿ ಮಾತಾಡುವ ಅವಕಾಶ ಉಂಟೆಂಬುದನ್ನೂ ಸೇರಿಸುತ್ತೇನೆ. ಹುಡುಗರು ಕೆಲವರು ಮುಸಿಮುಸಿ ನಗುತ್ತಾರೆ. ಹುಡುಗಿಯರು ಕೆಲವರು ತಲೆ ತಗ್ಗಿಸಿ ಬರೆದುಕೊಳ್ಳುತ್ತಾರೆ. ಅಷ್ಟಾದಮೇಲೆ ಹಲಗೆಯನ್ನು ಒರೆಸಿ, ಸಭಾಪರ್ವವನ್ನು ತೆರೆಯುತ್ತೇನೆ.