ಕೇಳಲು ಹಿಂಜರಿಯಬೇಡಿ

ಎಂಎಸ್‌ಡಬ್ಲ್ಯು ಕೊನೆಯ ವರ್ಷದ ಪ್ರಬಂಧಕ್ಕೆ ‘ಕಾಲೇಜು ವಿದ್ಯಾರ್ಥಿಗಳಲ್ಲಿ ಆತ್ಮಹತ್ಯೆ ತಡೆ’ ಎಂಬ ವಿಷಯ ಆರಿಸಿಕೊಂಡಾಗ ಅಮ್ಮ, ‘ಬೇರೆ ಒಳ್ಳೇ ವಿಷಯ ಸಿಗಲಿಲ್ವಾ ನಿಂಗೆ?’ ಎಂದು ಬೇಸರಿಸಿಕೊಂಡರು. ಹಾಸ್ಟೆಲ್ ವಾರ್ಡನ್ ನನ್ನ ಪ್ರಶ್ನಾವಳಿ ಓದಿ, ‘ಸಾಯೋ ಯೋಚನೆ ಬಂದಿತ್ತಾ ಅಂತ ನೇರವಾಗಿ ಕೇಳ್ತೀಯಲ್ಲಮ್ಮ, ಇಲ್ಲದ್ದನ್ನ ತಲೆಗೆ ತುಂಬಿದ ಹಾಗಾಗಲ್ವಾ?’ ಎಂದರು.

ಆ ಅನುಮಾನ ನ್ಯಾಯವಾದದ್ದೇ. ಉತ್ತರ ಹುಡುಕದೆ ಪ್ರಶ್ನಾವಳಿ ಹಂಚುವಂತಿರಲಿಲ್ಲ. ಉತ್ತರ ಸಿಕ್ಕಿದ್ದು ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ. ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಆತ್ಮಹತ್ಯೆಯ ಯೋಚನೆ ಬಗ್ಗೆ ಪ್ರಶ್ನೆ ಕೇಳಿದ್ದರು. ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಾಗಲಿಲ್ಲ. ಮೊದಲೇ ಖಿನ್ನತೆಯಲ್ಲಿದ್ದವರಿಗಂತೂ ಸಂಕಟ ತುಸು ಕಡಿಮೆಯೇ ಆಗಿತ್ತು.

ನಮ್ಮ ದೇಶದಲ್ಲಿ 2022ರಲ್ಲಿ ಆತ್ಮಹತ್ಯೆಯಿಂದ ತೀರಿಹೋದ ವಿದ್ಯಾರ್ಥಿಗಳು 13,044 ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ. ದಿನಕ್ಕೆ 35ಕ್ಕೂ ಹೆಚ್ಚು. ಇವರಲ್ಲಿ ಎಷ್ಟು ಮಂದಿಯನ್ನು ಯಾರಾದರೂ ಕೂರಿಸಿಕೊಂಡು ಕೇಳಿದ್ದರು?

ಬ್ಯಾಕ್‌ಲಾಗ್, ಶಿಕ್ಷಣ ಸಾಲ, ಮನೆಯವರ ನಿರೀಕ್ಷೆಯ ನಡುವೆ ನಲುಗಿದ್ದ ವಿದ್ಯಾರ್ಥಿನಿಯೊಬ್ಬಳು ನನ್ನ ಪ್ರಶ್ನೆಗೆ ತುಂಬಾ ಹೊತ್ತು ಸುಮ್ಮನಿದ್ದಳು. ‘ಊಟ ಆಯ್ತಾ ಅಂತ ಎಲ್ರೂ ಕೇಳ್ತಾರೆ ಅಕ್ಕಾ, ಇದನ್ನ ಯಾರೂ ಕೇಳಿರ್ಲಿಲ್ಲ’ ಎಂದಳು. ಅಂದೇ ಇಬ್ಬರೂ ಆಪ್ತಸಮಾಲೋಚಕರ ಬಳಿ ಹೋದೆವು. ಎಲ್ಲವೂ ಸರಿಹೋಯಿತು ಎನ್ನಲಾರೆ. ಬ್ಯಾಕ್‌ಲಾಗ್ ಇನ್ನೂ ಇದೆ. ಆದರೆ ವಾರಕ್ಕೊಮ್ಮೆ ತಾನಾಗಿಯೇ ಹೋಗಿ ಮಾತನಾಡಿ ಬರುತ್ತಾಳೆ.

ನಿಮ್ಮ ರೂಮ್‌ಮೇಟ್ ಇದ್ದಕ್ಕಿದ್ದಂತೆ ಮಂಕಾಗಿದ್ದರೆ, ಪ್ರೀತಿಯ ವಸ್ತುಗಳನ್ನೆಲ್ಲ ಹಂಚುತ್ತಿದ್ದರೆ, ‘ನಾನಿಲ್ಲದಿದ್ರೆ ಎಲ್ಲರಿಗೂ ಆರಾಮ’ ಎನ್ನುತ್ತಿದ್ದರೆ ತಮಾಷೆ ಎಂದು ಬಿಡಬೇಡಿ. ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ಮೆತ್ತಗೆ, ನೇರವಾಗಿ ಕೇಳಿ. ಉಪದೇಶ ಬೇಡ, ಕೇಳಿಸಿಕೊಂಡರೆ ಸಾಕು. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ಹೌದು ಎಂದರೆ ಒಂಟಿಯಾಗಿ ಬಿಡದೆ, ನಂಬಿಕಸ್ಥ ಹಿರಿಯರನ್ನೋ ವೈದ್ಯರನ್ನೋ ಜೊತೆಗೆ ಸೇರಿಸಿಕೊಳ್ಳಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಲಭ್ಯ. ಕನ್ನಡದಲ್ಲೇ ಮಾತನಾಡಬಹುದು. ಈ ಮಾತು ನಿಮ್ಮ ಬಗ್ಗೆಯೇ ಎಂದು ಅನ್ನಿಸುತ್ತಿದ್ದರೆ ಇವತ್ತೇ ಕರೆ ಮಾಡಿ.